ಮದರಂಗಿ ಹಾಕುವ ಕೈಗೆ ತರಬೇತಿಯೂ ಬೇಕು

ನಮ್ಮ ಮದುವೆ ಮನೆಗಳಲ್ಲಿ ಮದರಂಗಿ ಹಾಕುವವಳು ಹೆಚ್ಚಾಗಿ ಹೊರಗಿನವಳಲ್ಲ. ನೆಂಟರ ಹುಡುಗಿ, ಇಲ್ಲವೇ ಪಕ್ಕದ ಮನೆಯವಳು. ಕೋನ್ ಹಿಡಿದರೆ ಮೊಣಕೈವರೆಗೆ ಬಳ್ಳಿ ಹಬ್ಬಿಸಿಬಿಡ್ತಾಳೆ. ಮದುಮಗಳ ಮೇಕಪ್ಪಿಗೂ ಈಗ ಅವಳೇ. ಇನ್ನು ಕಲಿಯೋದಕ್ಕೆ ಏನಿದೆ ಅಂತ ಕೇಳುವ ಉಮ್ಮಂದಿರು ನಮಗೆ ತುಂಬ ಸಿಗುತ್ತಾರೆ.

ಇದೆ. 'ಬ್ಲ್ಯಾಕ್ ಮೆಹಂದಿ'ಯನ್ನೇ ನೋಡಿ. ಅಪ್ಪಟ ಮದರಂಗಿ ಕೆಂಪು, ಕಂದು ಬಣ್ಣ ಬಿಡುತ್ತದೆಯೇ ಹೊರತು ಕಡುಕಪ್ಪಲ್ಲ. ಕಪ್ಪಿಗಾಗಿ ಬೆರೆಸುವುದು ಹೆಚ್ಚಾಗಿ ಪಿಪಿಡಿ ಎಂಬ ಹೇರ್ ಡೈ ರಾಸಾಯನಿಕ. ಕೆಲವರ ಕೈಯಲ್ಲಿ ನೀರ್ಗುಳ್ಳೆ ಏಳುತ್ತದೆ. ಒಮ್ಮೆ ಅಲರ್ಜಿಯಾದರೆ ಮುಂದೆ ಕೂದಲಿಗೆ ಡೈ ಹಚ್ಚುವಾಗಲೂ ತೊಂದರೆ. ಡೈ ಹಾಕುವ 48 ಗಂಟೆ ಮೊದಲು ಕಿವಿಯ ಹಿಂದೆ ಚೂರು ಹಚ್ಚಿ ನೋಡಬೇಕು, ಥ್ರೆಡ್ಡಿಂಗ್ ದಾರವನ್ನು ಬಾಯಲ್ಲಿ ಕಚ್ಚಬಾರದು. ವಿಡಿಯೋ ನೋಡಿ ಕಲಿತವರು ಬಿಟ್ಟುಬಿಡೋದು ಇಂಥದ್ದನ್ನೇ.

ಎಸೆಸೆಲ್ಸಿ ಪಾಸಾದವರಿಗೆ ಐಟಿಐಯಲ್ಲಿ 1 ವರ್ಷದ ಕಾಸ್ಮೆಟಾಲಜಿ ಟ್ರೇಡ್ ಇದೆ. ಎಲ್ಲ ಐಟಿಐಗಳಲ್ಲೂ ಇಲ್ಲ, ವಿಚಾರಿಸಿಯೇ ಅರ್ಜಿ ಹಾಕಿ. ಅಷ್ಟು ಸಮಯ ಇಲ್ಲದವರಿಗೆ 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಇದೆ. ಅಲ್ಲಿ ಬ್ಯೂಟಿ ಪಾರ್ಲರ್ ತರಬೇತಿ ಸುಮಾರು ಒಂದು ತಿಂಗಳು, ಊಟ ವಸತಿ ಉಚಿತ. ಕೆಲಸದ ಜೊತೆಗೆ ಲೆಕ್ಕ ಬರೆಯೋದು, ದರ ನಿಗದಿ ಮಾಡೋದು, ಬ್ಯಾಂಕ್ ಸಾಲ ಕೇಳೋದನ್ನೂ ಹೇಳಿಕೊಡ್ತಾರೆ.

ನಮಗೆ ಈ ದರದ ಪಾಠವೇ ಮುಖ್ಯ ಅನಿಸುತ್ತದೆ. ರಾತ್ರಿಯಿಡೀ ಕೂತು ಹತ್ತಿಪ್ಪತ್ತು ಕೈಗಳಿಗೆ ಮದರಂಗಿ ಹಾಕಿದ ಹುಡುಗಿಯನ್ನು, 'ನಮ್ಮವಳೇ ಅಲ್ವಾ' ಅಂತ ಬರೀ ಬಿರಿಯಾನಿ ತಿನ್ನಿಸಿ ಕಳಿಸಿದ್ದು ನಾವೇ ತಾನೇ?