ಆರು ಓಣಿ, ಆರು ಸಾಮಾನು, ಎಷ್ಟು ನಡಿಗೆ?

ರಾತ್ರಿ ಹನ್ನೊಂದಕ್ಕೆ ಹಾಸ್ಟೆಲ್‌ನಿಂದ ಮೊಸರು, ಬ್ರೆಡ್, ಎರಡು ಪೆನ್ನು ಆರ್ಡರ್ ಮಾಡಿದಾಗ ಆ್ಯಪ್‌ನಲ್ಲಿ ನಮಗೆ ಕಾಣೋದು ಬೈಕಿನ ಚಿತ್ರ ಮಾತ್ರ. ಆದ್ರೆ ಬೈಕ್ ಹೊರಡುವ ಮುಂಚೆ ಯಾರೋ ಒಬ್ಬರು ರ‍್ಯಾಕ್‌ಗಳ ಮಧ್ಯೆ ಓಡಾಡಿ ಅದನ್ನೆಲ್ಲ ಎತ್ತಿಕೊಂಡು ಬಂದಿರ್ತಾರೆ. ಈ ಕೆಲಸಕ್ಕೆ ಆರ್ಡರ್ ಪಿಕಿಂಗ್ ಅಂತ ಹೆಸರು, ಮಾಡುವವರು ಪಿಕ್ಕರ್. ಗೋದಾಮು ನಡೆಸುವ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಿಕಿಂಗ್‌ಗೇ ಹೋಗುತ್ತೆ, ಪಿಕ್ಕರ್ ಸಮಯದಲ್ಲಿ ಸುಮಾರು ಅರ್ಧ ಬರೀ ನಡಿಗೆ ಅನ್ನೋದು ಲಾಜಿಸ್ಟಿಕ್ಸ್ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಸಿಗುವ ಅಂದಾಜು. ಹಾಗಾಗಿ ಯಾವ ದಾರಿಯಲ್ಲಿ ನಡೆಯಬೇಕು ಅನ್ನೋದು ಸಣ್ಣ ಪ್ರಶ್ನೆಯಲ್ಲ.

ಡಿಎಎ ಓದಿದವರಿಗೆ ತಕ್ಷಣ ಟ್ರಾವೆಲಿಂಗ್ ಸೇಲ್ಸ್‌ಮನ್ ನೆನಪಾಗ್ತಾನೆ. 20 ಜಾಗಗಳನ್ನು ಸುತ್ತುವ ಕ್ರಮಗಳು 20 ಫ್ಯಾಕ್ಟೋರಿಯಲ್, ಅಂದರೆ ಹೆಚ್ಚುಕಡಿಮೆ 24 ಬರೆದು ಪಕ್ಕದಲ್ಲಿ 17 ಸೊನ್ನೆ ಹಾಕಿದಷ್ಟು. ಎಕ್ಸಾಮ್‌ನಲ್ಲಾದರೆ 'ಎನ್‌ಪಿ-ಹಾರ್ಡ್' ಅಂತ ಬರೆದು ಮುಂದಿನ ಪ್ರಶ್ನೆಗೆ ಹೋಗಿಬಿಡ್ತೀವಿ.

ಗೋದಾಮಿನಲ್ಲಿ ಹಾಗೆ ಕೈಚೆಲ್ಲಬೇಕಾಗಿಲ್ಲ. ಅಲ್ಲಿ ಮನಸ್ಸಿಗೆ ಬಂದ ಕಡೆ ನಡೆಯೋಕಾಗಲ್ಲ, ರ‍್ಯಾಕ್‌ಗಳ ನಡುವಿನ ಓಣಿಗಳಲ್ಲಿ, ಮುಂದೆ ಹಿಂದೆ ಇರುವ ಅಡ್ಡದಾರಿಗಳಲ್ಲಿ ಮಾತ್ರ. ಈ ಕಟ್ಟುಪಾಡೇ ನಮಗೆ ಸಹಾಯ ಮಾಡುತ್ತೆ. 1983ರಲ್ಲಿ ಡೊನಾಲ್ಡ್ ರ‍್ಯಾಟ್ಲಿಫ್ ಮತ್ತು ಆರ್ನನ್ ರೋಸೆಂತಾಲ್ ಇದನ್ನೇ ಹಿಡಿದು, ಆಯತಾಕಾರದ ಗೋದಾಮಿನಲ್ಲಿ ಅತಿ ಚಿಕ್ಕ ದಾರಿಯನ್ನು ಬೇಗ ಕಂಡುಹಿಡಿಯಬಹುದು ಅಂತ ತೋರಿಸಿದರು. ಉಪಾಯ ಡೈನಾಮಿಕ್ ಪ್ರೋಗ್ರಾಮಿಂಗ್. ಎಡಗಡೆಯಿಂದ ಒಂದೊಂದೇ ಓಣಿ ಸೇರಿಸ್ತಾ ಹೋಗೋದು. ಇಲ್ಲಿವರೆಗಿನ ದಾರಿ ಒಳಗೆ ಹೇಗೆ ತಿರುಗಿದೆ ಅನ್ನೋದು ಮುಂದಿನ ಲೆಕ್ಕಕ್ಕೆ ಬೇಡ, ಓಣಿಯ ಮುಂದಿನ ಮೂಲೆಗೂ ಹಿಂದಿನ ಮೂಲೆಗೂ ಹೇಗೆ ಕೂಡಿಕೊಂಡಿದೆ ಅನ್ನೋದಷ್ಟೇ ಸಾಕು. ಅದಕ್ಕೆ ಬರೀ 7 ಸ್ಥಿತಿಗಳು. ಹಾಗಾಗಿ ಓಣಿ ದುಪ್ಪಟ್ಟಾದರೆ ಕೆಲಸವೂ ಸುಮಾರು ದುಪ್ಪಟ್ಟು, ಅಷ್ಟೇ.

ಇಷ್ಟಿದ್ದೂ ಎಷ್ಟೋ ಕಡೆ ಬಳಸೋದು ಸರಳ ನಿಯಮಗಳನ್ನೇ. ಯಾಕೆ ಅಂತ ತಿಳಿಯೋಕೆ ನಾವು ಹಾಳೆ ಮೇಲೆ ಒಂದು ಪುಟ್ಟ ಗೋದಾಮು ಹಾಕಿಕೊಂಡೆವು. 6 ಓಣಿ, ಒಂದೊಂದೂ 20 ಮೀಟರ್ ಉದ್ದ, ಒಂದರಿಂದ ಇನ್ನೊಂದಕ್ಕೆ 3 ಮೀಟರ್. ಪ್ಯಾಕಿಂಗ್ ಟೇಬಲ್ 1ನೇ ಓಣಿಯ ಮುಂದೆ. ಬೇಕಾದ ಸಾಮಾನು ಆರು. ಮುಂದುಗಡೆಯಿಂದ ಅಳೆದರೆ 1ನೇ ಓಣಿಯಲ್ಲಿ 4 ಮೀಟರಿಗೆ ಒಂದು, 2ರಲ್ಲಿ 3ಕ್ಕೆ, 4ರಲ್ಲಿ 18ಕ್ಕೆ, 5ರಲ್ಲಿ 2ಕ್ಕೂ 17ಕ್ಕೂ, 6ರಲ್ಲಿ 10ಕ್ಕೆ. ಮೂರನೇ ಓಣಿ ಖಾಲಿ.

ಮೊದಲ ನಿಯಮ 'ಎಸ್' ದಾರಿ. ಸಾಮಾನಿರುವ ಓಣಿಗೆ ಒಂದು ಕಡೆ ನುಗ್ಗಿ ಇನ್ನೊಂದು ಕಡೆ ಹೊರಬರೋದು, ಹಾವು ಹರಿದ ಹಾಗೆ. ಕೊನೆಯ ಓಣಿಯಲ್ಲಿ ಮಾತ್ರ ಅರ್ಧಕ್ಕೆ ಹೋಗಿ ವಾಪಸ್. ಓಣಿಗಳೊಳಗೆ 100 ಮೀಟರ್, ಅಡ್ಡದಾರಿಯಲ್ಲಿ 30, ಒಟ್ಟು 130. ಎರಡನೆಯದು 'ಲಾರ್ಜೆಸ್ಟ್ ಗ್ಯಾಪ್'. ಮೊದಲ ಮತ್ತು ಕೊನೆಯ ಓಣಿಯನ್ನು ಮಾತ್ರ ಪೂರ್ತಿ ದಾಟೋದು. ಮಧ್ಯದ ಪ್ರತಿ ಓಣಿಯಲ್ಲಿ ಅತಿ ದೊಡ್ಡ ಖಾಲಿ ತುಂಡು ಯಾವುದು ನೋಡಿ ಅದರ ಮೇಲೆ ಕಾಲಿಡದೆ, ಆಚೆಯದನ್ನು ಹಿಂದಿನಿಂದ, ಈಚೆಯದನ್ನು ಮುಂದಿನಿಂದ ತೆಗೆದುಕೊಳ್ಳೋದು. ಓಣಿಗಳೊಳಗೆ 60, ಅಡ್ಡಕ್ಕೆ 30, ಒಟ್ಟು 90 ಮೀಟರ್. ದಿನಕ್ಕೆ ಇಂಥ 100 ಆರ್ಡರ್ ಇದ್ದರೆ 13 ಕಿಲೋಮೀಟರ್ ಬದಲು 9. ಕಾಲಿಗೆ ಗೊತ್ತಾಗುವ ವ್ಯತ್ಯಾಸ!

ಹಾಗಾದ್ರೆ ಎಸ್ ದಾರಿ ದಡ್ಡತನವಾ? ಗೋದಾಮಿನಲ್ಲಿ ಒಬ್ಬರೇ ಇದ್ದರೆ, ಈ ಆರ್ಡರ್ ಮಟ್ಟಿಗೆ ಹೌದು. ರಶ್ ಟೈಮ್‌ನಲ್ಲಿ ಆಟ ಬದಲಾಗುತ್ತೆ. ಲಾರ್ಜೆಸ್ಟ್ ಗ್ಯಾಪ್‌ನಲ್ಲಿ ಪಿಕ್ಕರ್ ಓಣಿಯ ಮಧ್ಯೆ ಟ್ರಾಲಿ ತಿರುಗಿಸಬೇಕು. ಓಣಿ ಇಕ್ಕಟ್ಟಾಗಿದ್ದು, ಹಿಂದೆ ಇನ್ನೊಂದು ಟ್ರಾಲಿ ಬಂದಿದ್ದರೆ, ಅಷ್ಟರಲ್ಲಿ ಎದುರಿಗಿರುವವರು ಅಕ್ಕಿ ಮೂಟೆ ಇಳಿಸುತ್ತಾ ನಿಂತಿದ್ದರೆ? ಸೆಕೆಂಡಿಗೆ 1 ಮೀಟರ್ ನಡಿಗೆ ಅಂದುಕೊಂಡರೂ, ಉಳಿಸಿದ 40 ಮೀಟರ್ 40 ಸೆಕೆಂಡ್ ಕಾದರೆ ಹೋಯಿತು. ಎಸ್ ದಾರಿಯಲ್ಲಾದರೆ ಓಣಿಗಳನ್ನು ಒನ್‌ವೇ ಮಾಡೋದು ಸುಲಭ.

ಇನ್ನೂ ಮಜವಾದ್ದು ಬ್ಯಾಚಿಂಗ್, ಅಂದರೆ ನಾಲ್ಕೈದು ಆರ್ಡರ್ ಒಂದೇ ಸುತ್ತಿನಲ್ಲಿ ತರೋದು. ಅದೇ ಗೋದಾಮಿನಲ್ಲಿ 4 ಆರ್ಡರ್ ಸೇರಿ 24 ಸಾಮಾನು, ಪ್ರತಿ ಓಣಿಯಲ್ಲೂ 3, 8, 12, 17 ಮೀಟರಿಗೆ ಒಂದೊಂದು ಅಂದುಕೊಳ್ಳಿ. ಈಗ ಖಾಲಿ ತುಂಡುಗಳೆಲ್ಲ ಚಿಕ್ಕವು. ಲಾರ್ಜೆಸ್ಟ್ ಗ್ಯಾಪ್ 190 ಮೀಟರ್ ನಡೆಸುತ್ತೆ, ಎಸ್ ದಾರಿ 150. ನಾಲ್ಕನ್ನೂ ಬೇರೆಬೇರೆಯಾಗಿ 90ರ ಲೆಕ್ಕದಲ್ಲಿ ತಂದಿದ್ದರೆ 360 ಆಗ್ತಿತ್ತು. ಅಂದರೆ ದಾರಿಯ ಅಲ್ಗಾರಿದಮ್‌ಗಿಂತ ಯಾವ ಆರ್ಡರ್‌ಗಳನ್ನು ಜೊತೆ ಮಾಡ್ತೀವಿ ಅನ್ನೋದೇ ಇಲ್ಲಿ ಹೆಚ್ಚು ಉಳಿಸಿತು. ತೊಂದರೆ ಏನಂದ್ರೆ, ಒಳ್ಳೆ ಬ್ಯಾಚ್ ಆರಿಸೋದು ಮತ್ತೆ ಎನ್‌ಪಿ-ಹಾರ್ಡ್, ಮೇಲಾಗಿ ಮೊದಲು ಬಂದ ಆರ್ಡರ್ ಉಳಿದವು ಬರೋವರೆಗೆ ಕಾಯಬೇಕು. ಹತ್ತು ನಿಮಿಷದ ಡೆಲಿವರಿಯಲ್ಲಿ ಅದಕ್ಕೆಲ್ಲಿ ಪುರುಸೊತ್ತು?

ಹೆಚ್ಚು ಖರ್ಚಾಗೋದನ್ನು ಟೇಬಲ್ ಹತ್ತಿರವೇ ಇಟ್ಟರಾಯ್ತಲ್ಲ ಅಂತೀರಾ? ಇಡ್ತಾರೆ, ಅದಕ್ಕೆ ಸ್ಲಾಟಿಂಗ್ ಅಂತಾರೆ. ಆದರೆ ಹಾಲು, ಬ್ರೆಡ್, ಮೊಟ್ಟೆ ಎಲ್ಲ ಒಂದೇ ಓಣಿಗೆ ತುಂಬಿದರೆ ಊಟದ ಬಿಡುವಿನಲ್ಲಿ ನಮ್ಮ ಕ್ಯಾಂಟೀನಿನ ಕೂಪನ್ ಕೌಂಟರ್ ಮುಂದೆ ಆಗುವ ಕಥೆಯೇ. ಬೇಡಿಕೆಯ ಸಾಮಾನನ್ನು ಸ್ವಲ್ಪ ಹರಡಿ ಇಡಬೇಕು, ನಡಿಗೆ ಒಂಚೂರು ಹೆಚ್ಚಾದರೂ ಸರಿ. ನಡಿಗೆಯನ್ನೇ ತೆಗೆದುಹಾಕಿ ರೋಬೋಗಳಿಂದ ರ‍್ಯಾಕನ್ನೇ ಮನುಷ್ಯರ ಹತ್ತಿರ ತರಿಸುವ ದಾರಿಯೂ ಇದೆ, ಅದನ್ನು ಮಾಡ್ತಿದ್ದ ಕೀವಾ ಸಿಸ್ಟಮ್ಸ್ ಅನ್ನು ಅಮೆಜಾನ್ 2012ರಲ್ಲಿ 77.5 ಕೋಟಿ ಡಾಲರ್‌ಗೆ ಕೊಂಡಿತು. ಅಲ್ಲೂ ಟ್ರಾಫಿಕ್ ಜಾಮ್ ತಪ್ಪಲ್ಲ, ರೋಬೋಗಳದ್ದು.

ಇನ್ನೊಂದು ವಿಷಯ ಅಲ್ಗಾರಿದಮ್ ಪುಸ್ತಕದಲ್ಲಿ ಇರಲ್ಲ. ಸ್ಕ್ಯಾನರ್ ತೋರಿಸಿದ ದಾರಿ ವಿಚಿತ್ರ ಅನಿಸಿದರೆ ಪಿಕ್ಕರ್‌ಗಳು ತಮಗೆ ಸರಿ ಕಂಡ ದಾರಿಯಲ್ಲಿ ಹೋಗ್ತಾರೆ. ಸಂಶೋಧಕರು ಇದಕ್ಕೆ 'ಮ್ಯಾವರಿಕ್ ಪಿಕಿಂಗ್' ಅಂತ ಹೆಸರಿಟ್ಟಿದ್ದಾರೆ. ಹೆಸರು ಕೇಳಿದರೆ ತಪ್ಪು ಪಿಕ್ಕರ್‌ದು ಅನಿಸುತ್ತೆ, ಆದರೆ ಐದನೇ ಓಣಿಯಲ್ಲಿ ಎಣ್ಣೆ ಚೆಲ್ಲಿರೋದು ಅವರಿಗೆ ಗೊತ್ತು, ಸರ್ವರ್‌ಗೆ ಗೊತ್ತಿಲ್ಲ. ಒಂದೇ ವಾಕ್ಯದಲ್ಲಿ ಹೇಳಿಕೊಡಬಹುದಾದ ದಾರಿ ಐದಾರು ಮೀಟರ್ ಹೆಚ್ಚಿದ್ದರೂ ನಮ್ಮ ವೋಟ್ ಅದಕ್ಕೇ.

ಮತ್ತೆ ಆ ಉಳಿದ 4 ಕಿಲೋಮೀಟರ್ ಯಾರಿಗೆ ಸೇರಿದ್ದು? ಟಾರ್ಗೆಟ್ ಏರಿದರೆ ಅದೇ ಕಾಲು ಅದೇ 13 ಕಿಲೋಮೀಟರ್ ನಡೆಯುತ್ತೆ, ಆರ್ಡರ್ ಮಾತ್ರ 144 ಆಗಿರುತ್ತೆ. ಕ್ಯಾಲಿಫೋರ್ನಿಯಾದಲ್ಲಿ 2022ರ ಜನವರಿಯಿಂದ ಜಾರಿಯಲ್ಲಿರುವ ಎಬಿ 701 ಕಾನೂನಿನ ಪ್ರಕಾರ ದೊಡ್ಡ ಗೋದಾಮುಗಳು ಕೆಲಸಗಾರರಿಗೆ ಅವರ ಟಾರ್ಗೆಟ್ ಏನು ಅಂತ ಬರವಣಿಗೆಯಲ್ಲಿ ಕೊಡಬೇಕು, ಆ ಟಾರ್ಗೆಟ್ ಊಟ, ವಿಶ್ರಾಂತಿ, ಟಾಯ್ಲೆಟ್ ಸಮಯವನ್ನು ನುಂಗುವಂತಿಲ್ಲ. ಕೋಡ್ ಬರೆಯುವವರಿಗೆ ಇದು ಇನ್ನೊಂದು ಕನ್‌ಸ್ಟ್ರೇಂಟ್ ಅಷ್ಟೇ, ಒಂದು ಸಾಲಿನಲ್ಲಿ ಸೇರಿಸಬಹುದು.