ನ್ಯೂಕ್ಯಾಸಲ್‌ಗೆ ಕಲ್ಲಿದ್ದಲು, ನಮ್ಮೂರಿಗೆ ತೆಂಗಿನಕಾಯಿ

ಬೇಸಿಗೆ ರಜೆಗೆಂದು ಬೆಂಗಳೂರಿನಿಂದ ಚನ್ನರಾಯಪಟ್ಟಣಕ್ಕೆ ಬಂದಿದ್ದ ಮೊಮ್ಮಗ ಜಗುಲಿಯಲ್ಲಿ ಕೂತು ಇಂಗ್ಲಿಷ್ ಪುಸ್ತಕ ತಿರುವಿಹಾಕುತ್ತಿದ್ದ.

“ತಾತ, ‘ಕ್ಯಾರಿಯಿಂಗ್ ಕೋಲ್ಸ್ ಟು ನ್ಯೂಕ್ಯಾಸಲ್’ ಅಂದ್ರೇನು? ನ್ಯೂಕ್ಯಾಸಲ್‌ಗೆ ಕಲ್ಲಿದ್ದಲು ಹೊತ್ಕೊಂಡು ಹೋಗೋದು ಅಂತ ಬರೆದಿದ್ದೆ. ಮಿಸ್ಸು ತಪ್ಪು ಹಾಕಿದ್ರು.”

“ನೀನು ಇಲ್ಲಿಗೆ ಬರೋವಾಗ ಬೆಂಗಳೂರಿನ ಅಂಗಡೀಲಿ ನಾಲ್ಕು ತೆಂಗಿನಕಾಯಿ ಕೊಂಡು ತಂದಿದ್ರೆ ನಾನೇನು ಮಾಡ್ತಿದ್ದೆ?”

“ನಗ್ತಿದ್ರಿ! ನಮ್ಮ ಅಟ್ಟದ ತುಂಬ ಕಾಯಿ ಇದೆಯಲ್ಲ.”

“ಅದೇ ನೋಡು ಅದರ ಅರ್ಥ.”

ನ್ಯೂಕ್ಯಾಸಲ್ ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಟೈನ್ ನದಿಯ ದಡದಲ್ಲಿರುವ ಊರು. ಅದರ ಸುತ್ತಮುತ್ತ ಕಲ್ಲಿದ್ದಲಿನ ಗಣಿಗಳಿದ್ದವು. ನೂರಾರು ವರ್ಷ ಅಲ್ಲಿಂದ ಹಡಗು ಹಡಗು ಕಲ್ಲಿದ್ದಲು ಲಂಡನ್ನಿಗೆ ಹೋಗುತ್ತಿತ್ತು. ಅಂಥ ಊರಿಗೆ ಯಾರಾದರೂ ಕಲ್ಲಿದ್ದಲು ಹೊತ್ತೊಯ್ದರೆ? ಬೇಕಾದಷ್ಟು ಇರುವಲ್ಲಿಗೇ ಅದನ್ನೇ ಒಯ್ಯುವ ವ್ಯರ್ಥ ಶ್ರಮಕ್ಕೆ ಈ ಮಾತು 17ನೇ ಶತಮಾನದಷ್ಟು ಹಿಂದೆಯೇ ಬಳಕೆಗೆ ಬಂದಿತ್ತು. ಇದು ನುಡಿಗಟ್ಟು. ಪದಕ್ಕೆ ಪದ ಇಟ್ಟು ಅರ್ಥ ಹೇಳಿದರೆ ಮೊಮ್ಮಗನಿಗೆ ಆದಂತೆ ತಪ್ಪು ಬೀಳುತ್ತದೆ.

ಬೇರೆ ದೇಶದವರಿಗೂ ಇಂಥದೇ ಮಾತುಗಳಿವೆ. ಪುರಾತನ ಗ್ರೀಕರು ‘ಅಥೆನ್ಸಿಗೆ ಗೂಬೆ ಒಯ್ದಂತೆ’ ಎನ್ನುತ್ತಿದ್ದರು. ಗೂಬೆ ಅಥೀನಾ ದೇವತೆಯ ಹಕ್ಕಿ. ಅಥೆನ್ಸಿನ ಬೆಳ್ಳಿ ನಾಣ್ಯದ ಮೇಲೂ ಅದರದೇ ಚಿತ್ರ. ರಷ್ಯಾದವರು ‘ತೂಲಾಕ್ಕೆ ಸ್ವಂತ ಸಮೋವರ್ ಒಯ್ದಂತೆ’ ಎನ್ನುತ್ತಾರೆ. ಸಮೋವರ್ ಎಂದರೆ ಚಹಾಕ್ಕೆ ನೀರು ಕಾಯಿಸುವ ಪಾತ್ರೆ. ತೂಲಾ ಅದನ್ನು ತಯಾರಿಸುವುದಕ್ಕೇ ಹೆಸರಾದ ಊರು.

ನಮ್ಮ ಸೀಮೆಯೂ ಹಾಗೆಯೇ. ಚನ್ನರಾಯಪಟ್ಟಣ, ಅರಸೀಕೆರೆ, ತಿಪಟೂರು ಎಲ್ಲಿ ನೋಡಿದರೂ ತೆಂಗು. ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಇಟ್ಟರೆ ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗುತ್ತದೆ. ಅದು ತಿಪಟೂರಿನ ಮಾರುಕಟ್ಟೆಯಿಂದ ಉತ್ತರ ಭಾರತಕ್ಕೆಲ್ಲ ಹೋಗುತ್ತದೆ.

ಈ ಹೆಮ್ಮೆಯಲ್ಲೇ ನಾನೊಮ್ಮೆ ತಪ್ಪು ಮಾಡಿದೆ. ಮಗಳ ಮದುವೆಯಾದ ಹೊಸತು. ಪುತ್ತೂರಿನ ಕಡೆಯ ಬೀಗಿತ್ತಿ ಮೊದಲ ಸಲ ನಮ್ಮ ಮನೆಗೆ ಬಂದವರು, ತಮ್ಮ ತೋಟದ ಹತ್ತು ಕಾಯಿಗಳನ್ನು ಚೀಲದಲ್ಲಿ ತಂದಿದ್ದರು. ನಾನು ಎಲ್ಲರ ಎದುರು, “ಏನಮ್ಮಾ, ಚನ್ನರಾಯಪಟ್ಟಣಕ್ಕೇ ಕಾಯಿ ತಂದ್ರಾ?” ಎಂದು ಜೋರಾಗಿ ನಕ್ಕುಬಿಟ್ಟೆ. ಉಳಿದವರೂ ನಕ್ಕರು. ಆಕೆ ನಗಲಿಲ್ಲ. ಚೀಲವನ್ನು ಮೆಲ್ಲಗೆ ಗೋಡೆಯ ಪಕ್ಕಕ್ಕೆ ಸರಿಸಿದರು.

ಆಮೇಲೆ 2016-17ರ ಬರ ಬಂತು. ಕೆರೆ ಒಣಗಿತು, ಕೊಳವೆಬಾವಿ ಬತ್ತಿತು. ನನ್ನ ಅಪ್ಪ ನೆಟ್ಟ ಮರಗಳ ಗರಿಗಳು ಜೋತುಬಿದ್ದವು. ಕೆಲವು ಮರಗಳ ಸುಳಿಯೇ ಒಣಗಿಹೋಯಿತು. ಅಟ್ಟ ಖಾಲಿ. ಗೌರಿ ಹಬ್ಬದ ಬಾಗಿನಕ್ಕೂ ಅಂಗಡಿಯಿಂದ ಕಾಯಿ ತರುವ ಸ್ಥಿತಿ. ‘ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ’ ಎಂಬ ಗಾದೆ ನಮ್ಮ ಮನೆಯಲ್ಲೇ ನಿಜವಾಯಿತು.

ಹಬ್ಬಕ್ಕೆ ಎರಡು ದಿನ ಇರುವಾಗ ಪುತ್ತೂರಿನಿಂದ ಒಂದು ಮೂಟೆ ಬಂತು. ಬಿಚ್ಚಿದರೆ ಸುಲಿದ ಕಾಯಿಗಳು. ಫೋನ್ ಮಾಡಿದಾಗ ನನಗೆ ಮಾತೇ ಹೊರಡಲಿಲ್ಲ. “ಅವತ್ತು ನಾನು ಹಾಗೆ ನಗಬಾರದಿತ್ತು ಕಣಮ್ಮಾ” ಎಂದೆ. “ಅದೆಲ್ಲ ಈಗ ಯಾಕೆ? ಹಬ್ಬ ಚೆನ್ನಾಗಿ ಮಾಡಿ” ಎಂದರು ಅವರು.

ನ್ಯೂಕ್ಯಾಸಲ್ಲಿನ ಕಥೆಯೂ ಹೀಗೇ ತಿರುಗಿತು. ಒಂದೊಂದಾಗಿ ಗಣಿಗಳು ಮುಚ್ಚಿದವು. ಆ ಸೀಮೆಯ ಕೊನೆಯ ಆಳದ ಗಣಿಯೂ 2005ರಲ್ಲಿ ಮುಚ್ಚಿತು. ಟೈನ್ ನದಿಯ ಬಂದರಿಗೆ ಹೊರದೇಶದ ಕಲ್ಲಿದ್ದಲು ಹಡಗಿನಲ್ಲಿ ಬಂದಿಳಿಯಿತು. ಇರುವುದು ಎಂದೆಂದಿಗೂ ಇರುತ್ತದೆ ಎಂದು ಯಾರೂ ಬೀಗುವಂತಿಲ್ಲ.

ಮಕ್ಕಳೇ, ಈ ನುಡಿಗಟ್ಟನ್ನು ಧಾರಾಳವಾಗಿ ಬಳಸಿ. ಮೈಸೂರಿಗೆ ಮೈಸೂರು ಪಾಕ್ ಕಟ್ಟಿಸಿಕೊಂಡು ಹೊರಟವರಿಗೆ ಹೇಳಬಹುದು. ಈಜುಗಾರನಿಗೆ ಈಜು ಕಲಿಸಲು ಹೊರಟವನಿಗೂ ಹೇಳಬಹುದು. ಆದರೆ ಪ್ರೀತಿಯಿಂದ ತಂದ ಉಡುಗೊರೆಯ ಎದುರು ಮಾತ್ರ ಬೇಡ.

ರಜೆ ಮುಗಿಯಿತು. ಉಳಿದ ಮರಗಳು ಚೇತರಿಸಿಕೊಂಡಿವೆ, ಹೊಸ ಸಸಿಗಳೂ ಫಲಕ್ಕೆ ಬಂದಿವೆ. ಮೊಮ್ಮಗ ಊರಿಗೆ ಹೋಗುವ ಮೊದಲು ಪುತ್ತೂರಜ್ಜಿಯ ಮನೆಗೆ ಹೊರಟಿದ್ದ. ಅವನ ಚೀಲಕ್ಕೆ ಹತ್ತು ಕಾಯಿ ಹಾಕಿದೆ.

“ತಾತ, ಅಜ್ಜಿ ತೋಟದಲ್ಲೂ ತೆಂಗು ಇದೆ. ಇದು ನ್ಯೂಕ್ಯಾಸಲ್‌ಗೆ ಕಲ್ಲಿದ್ದಲು ಅಲ್ವಾ?”

“ಹೌದು ಕಣೋ ಮಗಾ, ಸರಿಯಾಗಿ ಹೇಳಿದೆ. ಆದರೂ ತಗೊಂಡು ಹೋಗು.”