ಹಾವಿಗೆ ಕಿವಿಯುಂಟೆ?

ರಾಯಚೂರು ಸೀಮೆಯ ಗುಂಜಹಳ್ಳಿಯಂಥ ಒಂದು ಗ್ರಾಮವನ್ನು ನೆನೆಯೋಣ. ಕೃಷ್ಣೆ ತುಂಗಭದ್ರೆಗಳ ನಡುವಣ ಎರೆಭೂಮಿ; ಇರುಳಿನಲ್ಲಿ ಹೊಲಕ್ಕೆ ಹೊರಟ ರೈತನು ಕೋಲಿನಿಂದ ನೆಲವನ್ನು ಕುಟ್ಟುತ್ತ ನಡೆಯುತ್ತಾನೆ. ಹಾವಿಗೆ ಹೊರಗಿವಿಯೂ ಇಲ್ಲ, ಕಿವಿದಮಟೆಯೂ ಇಲ್ಲ. ಹಾಗಾದರೆ ಈ ಸದ್ದು ಯಾರಿಗಾಗಿ?

ನಮ್ಮ ಹಿರಿಯರು ಹಾವನ್ನು ‘ಚಕ್ಷುಃಶ್ರವ’, ಎಂದರೆ ಕಣ್ಣಿನಿಂದಲೇ ಕೇಳುವುದು, ಎಂದು ಕರೆದರು. ಹೊರಗಿವಿಯನ್ನು ಕಾಣದೆ ಮಾಡಿದ ಊಹೆಯಿದು. ನಿಜವಾದ ಕಿವಿ ತಲೆಬುರುಡೆಯೊಳಗೆ ಅಡಗಿದೆ. ಹಾವಿನ ಕೆಳದವಡೆಯು ನೆಲಕ್ಕೆ ತಾಗಿರುವಾಗ ನೆಲದ ಅದುರು ದವಡೆಗೆ ಏರಿ, ಅಲ್ಲಿಂದ ಒಂದು ಸಣ್ಣ ಎಲುಬಿನ ಮೂಲಕ ಒಳಗಿವಿಯನ್ನು ಮುಟ್ಟುತ್ತದೆ. ಮೈಚರ್ಮದ ನರಗಳೂ ಅದೇ ಅದುರನ್ನು ಸ್ಪರ್ಶವಾಗಿ ತಿಳಿಯುತ್ತವೆ.

ಒಳಗಿವಿಯಲ್ಲಿ ಸೂಕ್ಷ್ಮವಾದ ರೋಮಕೋಶಗಳುಂಟು. ಅವುಗಳ ತುದಿ ಬಾಗಿದೊಡನೆ ನರಕ್ಕೆ ಸುದ್ದಿ ಮುಟ್ಟುವುದು. ಧ್ವನಿಯಿಂದ ಬಾಗಿದರೆ ಅದು ಶ್ರವಣ. ತಲೆ ತಿರುಗಿದಾಗ ಅರ್ಧವರ್ತುಲ ನಾಳಗಳ ದ್ರವವು ಸರಿದು ಬಾಗಿದರೆ ಅದು ಸಮತೋಲದ ಅರಿವು. ಮರವೇರುವ ಹಾವೂ, ತಿರುಗಣೆಯಾಡಿ ತಲೆಸುತ್ತಿದ ನಮ್ಮ ಮಗುವೂ ಒಂದೇ ಯಂತ್ರವನ್ನು ನಂಬಿರುವುವು.

ಗಾಳಿಯಲ್ಲಿ ಬರುವ ಸದ್ದಿಗೆ ಹಾವು ಪೂರ್ತಿ ಕಿವುಡೇನೂ ಅಲ್ಲ. ಸೆಕೆಂಡಿಗೆ ಸುಮಾರು 80ರಿಂದ 300 ಬಾರಿ ಕಂಪಿಸುವ ತಗ್ಗು ಧ್ವನಿಗಳು ಅದಕ್ಕೆ ಚೆನ್ನಾಗಿ ಗೋಚರಿಸುತ್ತವೆ. ಮನುಷ್ಯನ ಕಿವಿಯಾದರೋ 20ರಿಂದ 20,000ದವರೆಗೆ ಗ್ರಹಿಸಬಲ್ಲುದು. ಪುಂಗಿಯ ಮುಂದೆ ಹೆಡೆಯಾಡುವ ನಾಗರವು ಬಹುಪಾಲು ವಾದ್ಯದ ಚಲನೆಯನ್ನೇ ಹಿಂಬಾಲಿಸುವುದು.

ಆದುದರಿಂದ ರೈತನ ಕೋಲು ಮೂಢನಂಬಿಕೆಯಲ್ಲ. ಅದು ಹಾವಿಗೆ ತಿಳಿಯುವ ಭಾಷೆ. ಆದರೆ ಕೇಳಿದ ಹಾವೆಲ್ಲ ಓಡಿಹೋಗುವುದೆಂದು ನಂಬಬಾರದು. ಕೊಳಕುಮಂಡಲವು ಅದುರನ್ನು ಅರಿತೂ ತನ್ನ ಬಣ್ಣವನ್ನೇ ನಂಬಿ ಅಲುಗದೆ ಬಿದ್ದಿರುವುದುಂಟು. ಕಟ್ಟುಹಾವು ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲಿಯೇ ಕಚ್ಚುವುದು. ಅಲ್ಲಿ ಕೋಲು ಯಾವ ಕೆಲಸಕ್ಕೆ ಬಂದೀತು? ಕೋಲಿನೊಡನೆ ದೀಪವೂ ಕಾಲಿಗೆ ಮೆಟ್ಟೂ ಇರಬೇಕು. ಮಲಗುವಾಗ ಮಂಚವೂ ಸೊಳ್ಳೆಪರದೆಯೂ ಇದ್ದರೆ ಲೇಸು.

ಕಚ್ಚಿದ ಮೇಲೆ ಮಂತ್ರಕ್ಕೂ ಕಟ್ಟಿಗೂ ಹೊತ್ತು ಕಳೆಯದೆ, ಕಚ್ಚಿದ ಅಂಗವನ್ನು ಅಲುಗಿಸದೆ, ಪ್ರತಿವಿಷವಿರುವ ಆಸ್ಪತ್ರೆಗೆ ಒಯ್ಯಬೇಕು. 2024ರಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ವಿಧಿಸಿದುದೂ ಈ ಜೀವಗಳನ್ನು ಉಳಿಸುವುದಕ್ಕೆಂದೇ.

ಹಾವು ನಮ್ಮ ಹೆಜ್ಜೆಯನ್ನು ಮೊದಲೇ ಅರಿಯುತ್ತದೆ. ಹೆಜ್ಜೆಯಿಡುವ ಮುನ್ನ ಅದರ ಇರವನ್ನು ಅರಿಯುವುದು ನಮ್ಮ ಪಾಲಿನ ಕೆಲಸ.